ಸೋಪಿನ ಕಾರ್ಖಾನೆಯ ಪುಟ

ಒಳಚರಂಡಿಗೆಂದು ರಸ್ತೆ ಅಗೆದು ಹಾಕಿದ ಮೇಲೆ ಬೀಗ ರಿಪೇರಿ ಅಂಗಡಿಯ ಕಡೆಗೆ ಗಿರಾಕಿಗಳು ತಲೆ ಹಾಕುವುದನ್ನೇ ಬಿಟ್ಟರು. ಗಂಡ ತೀರಿಕೊಂಡಂದಿನಿಂದ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಕೀಲಿಕೈ ಕೊರೆಯುವ ಯಂತ್ರದ ಮುಂದೆ ಸುಮ್ಮನೆ ನೊಣ ಹೊಡೆಯುತ್ತ ಕೂರುವುದು ಅವಳ ಜಾಯಮಾನಕ್ಕೆ ಒಗ್ಗುವಂಥದ್ದಲ್ಲ. ಮಗಳು ತನ್ನ ಹಳೆಯ ಲ್ಯಾಪ್‌ಟಾಪನ್ನು ಅಂಗಡಿಗೆ ತಂದಿಟ್ಟು, ಸಿನಿಮಾನಾದರೂ ನೋಡು ಎಂದು ಹೇಳಿ ಹೋದಳು. ಸಿನಿಮಾ ಹತ್ತು ನಿಮಿಷಕ್ಕೇ ಬೇಸರವಾಯಿತು. ಸುಮ್ಮನೆ ಊರಿನ ಹೆಸರು ಟೈಪ್ ಮಾಡಿ ನೋಡಿದಳು. ಅಂತರ್ಜಾಲದ ವಿಶ್ವಕೋಶದಲ್ಲಿ ಊರಿಗೊಂದು ಪುಟ ಇತ್ತು. ರೈಲು ನಿಲ್ದಾಣ ಇತ್ತು, ಹೊಳೆ ಇತ್ತು, ಹೊಳೆಯ ಮೇಲಿನ ಸೇತುವೆಗಳೂ ಇದ್ದವು. ಸೋಪಿನ ಕಾರ್ಖಾನೆಯ ಸುದ್ದಿಯೇ ಇರಲಿಲ್ಲ.

ಅರ್ಧ ಊರಿಗೆ ಅನ್ನ ಹಾಕಿದ ಕಾರ್ಖಾನೆ ಅದು. ಅವಳ ಅಮ್ಮ ಅಲ್ಲಿನ ಕತ್ತರಿಸುವ ವಿಭಾಗದಲ್ಲಿ ಹರೆಯವನ್ನೆಲ್ಲ ಸವೆಸಿದ್ದಳು. ಹಸಿ ಸೋಪಿನ ಕ್ಷಾರ ತಾಗಿ ತಾಗಿ ಅಮ್ಮನ ಬೆರಳ ತುದಿಗಳು ಗಾಜಿನಷ್ಟು ನುಣ್ಣಗಾಗಿದ್ದವು. ಹೆಬ್ಬೆಟ್ಟು ಒತ್ತಿದರೆ ಗೆರೆಯೇ ಮೂಡುತ್ತಿರಲಿಲ್ಲ. ಕೈಗವಸು ಕೊಡುವವರೆಗೂ ಒಳಗೆ ಕಾಲಿಡುವುದಿಲ್ಲ ಎಂದು ಹೆಂಗಸರೆಲ್ಲ ಗೇಟಿನ ಹೊರಗೆ ಕೂತಾಗ ಮುಂದೆ ನಿಂತವಳೂ ಅಮ್ಮನೇ.

ಇಂಥದ್ದನ್ನೆಲ್ಲ ನೆನೆಸಿಕೊಂಡು ಮಾತಾಡಲು ಅವಳಿಗಿದ್ದದ್ದು ಅಕ್ಕ ಒಬ್ಬಳೇ. ಅಕ್ಕ ಅಚ್ಚುಕೂಟದ ಕೆಲಸದಿಂದ ನಿವೃತ್ತಳಾಗಿ ಅದೇ ಊರಿನ ಇನ್ನೊಂದು ತುದಿಯಲ್ಲಿ ಭಾವನ ಜೊತೆ ಇದ್ದಳು. ಆದರೆ ಅಕ್ಕತಂಗಿಯರ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತು. ಹಾಸಿಗೆ ಹಿಡಿದಿದ್ದ ಅಮ್ಮ ತಂಗಿಯ ಮನೆಯಲ್ಲೇ ಇದ್ದಳು. ಸತ್ತರೆ ಈ ಮಂಚದ ಮೇಲೇ ಸಾಯಬೇಕು ಎಂದು ಯಾವಾಗಲೂ ಹೇಳುತ್ತಿದ್ದಳು. ಒಂದು ಮಧ್ಯಾಹ್ನ, ತಂಗಿ ಅಂಗಡಿಯಲ್ಲಿದ್ದಾಗ, ಅಕ್ಕ ಆಂಬುಲೆನ್ಸ್ ತಂದು ಅಮ್ಮನನ್ನು ಆಸ್ಪತ್ರೆಗೆ ಸಾಗಿಸಿಬಿಟ್ಟಳು. ವಾರದೊಳಗೆ ಅಮ್ಮ ಅಲ್ಲೇ ಹೋದಳು. ಎಲ್ಲ ಮುಗಿಸಿ ಬಂದ ಸಂಜೆ, ನೆಂಟರೆದುರಿಗೇ ತಂಗಿ, ಅಮ್ಮನ ಕೊನೆಯ ಆಸೆಯನ್ನೂ ಕಿತ್ತುಕೊಂಡೆ, ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದುಬಿಟ್ಟಳು. ಅಕ್ಕ ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೋದಳು.

ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು ಎಂದಿತ್ತು. ಅವಳು 'ಕೀಲಿಕೈ' ಎಂಬ ಹೆಸರಿನಲ್ಲಿ ಖಾತೆ ತೆರೆದು, ಒಂದೇ ಮಧ್ಯಾಹ್ನ ಕೂತು ಕಾರ್ಖಾನೆಯ ಬಗ್ಗೆ ತಿಳಿದದ್ದನ್ನೆಲ್ಲ ಬರೆದಳು. ಸೈರನ್ನು, ಗಾಳಿ ಬೀಸಿದ ಕಡೆ ತೇಲುತ್ತಿದ್ದ ವಾಸನೆ, ಒಡೆದ ಸೋಪಿನ ಚೂರುಗಳನ್ನು ಅಗ್ಗಕ್ಕೆ ಮಾರುತ್ತಿದ್ದ ಕಿಟಕಿ, ಯಾವುದನ್ನೂ ಬಿಡಲಿಲ್ಲ. ಪ್ರಕಟಿಸು ಎಂಬುದನ್ನು ಒತ್ತಿ, ಅಂಗಡಿ ಮುಚ್ಚಿ, ಹಗುರಾಗಿ ಮನೆಗೆ ನಡೆದಳು.

ಬೆಳಿಗ್ಗೆ ನೋಡಿದರೆ ಪುಟವೇ ಮಾಯ. 'ಉಲ್ಲೇಖಗಳಿಲ್ಲ' ಎಂಬ ಒಂದೇ ಪದದ ಕಾರಣ, ಅಳಿಸಿದವರ ಹೆಸರು 'ಕರಡಿ'. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗಾಯಿತಲ್ಲ ಎಂದು ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಬರೆದಳು. ಮತ್ತೆ ಹೋಯಿತು. ಆಗ ಕರಡಿಯ ಚರ್ಚಾಪುಟಕ್ಕೇ ಹೋಗಿ, ನಾನು ಹುಟ್ಟಿ ಬೆಳೆದದ್ದು ಆ ಕಾರ್ಖಾನೆಯ ಗೋಡೆಯ ಪಕ್ಕ, ನನಗಿಂತ ಬೇರೆ ಉಲ್ಲೇಖ ಬೇಕೇ ಎಂದು ಬರೆದಳು. ಗೋಡೆಯ ಪಕ್ಕ ಬೆಳೆದಿರಿ ಎಂಬುದಕ್ಕೆ ಉಲ್ಲೇಖವೇನು ಎಂದು ಉತ್ತರ ಬಂತು.

ಮಗಳು ಅದನ್ನು ಓದಿ ಬಿದ್ದು ಬಿದ್ದು ನಕ್ಕಳು. ಅವಳಿಗೆ ನಗು ಬರಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಅದೇ ಕರಡಿ ಇನ್ನೊಂದು ಟಿಪ್ಪಣಿ ಬಿಟ್ಟಿತ್ತು. ಮೊದಲು ಪ್ರಯೋಗಪುಟದಲ್ಲಿ ಬರೆಯಿರಿ, ಅಲ್ಲಿ ಇಡೀ ಪುಟವನ್ನು ಯಾರೂ ಅಳಿಸುವುದಿಲ್ಲ. ಒಂದೊಂದು ವಾಕ್ಯ ಬರೆದಾಗಲೂ ಇದನ್ನು ಯಾವ ಪುಸ್ತಕ, ಯಾವ ಪತ್ರಿಕೆ ಹೇಳಿದೆ ಎಂದು ಕೇಳಿಕೊಳ್ಳಿ. ಬರೆದಷ್ಟನ್ನು ನನಗೆ ತಿಳಿಸುತ್ತಿರಿ, ನೋಡಿ ತಿದ್ದುತ್ತೇನೆ.

ಅವಳು ಅಂಗಡಿಗೆ ಬೀಗ ಹಾಕಿಕೊಂಡು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗತೊಡಗಿದಳು. ಹಳೆಯ ಪತ್ರಿಕೆಗಳನ್ನು ವರ್ಷವಾರು ಹೊಲಿದು ದಪ್ಪ ಸಂಪುಟ ಮಾಡಿಟ್ಟಿದ್ದರು. ಮೊದಲ ದಿನ ಧೂಳಿಗೆ ಸೀನಿದ್ದೇ ಬಂತು. ಆಮೇಲೆ ಒಂದೊಂದಾಗಿ ಸಿಗತೊಡಗಿದವು: ಕಾರ್ಖಾನೆಯ ಉದ್ಘಾಟನೆಯ ಸುದ್ದಿ, ಕೊಬ್ಬಿನ ಗೋದಾಮಿಗೆ ಬೆಂಕಿ ಬಿದ್ದದ್ದು, ಕೊನೆಗೆ ಬೀಗ ಹಾಕಿದ್ದು. ಬೆಂಕಿ ಬಿದ್ದದ್ದು ಅವಳು ಹುಟ್ಟಿದ ವರ್ಷ ಎಂದು ಮನೆಯಲ್ಲೆಲ್ಲ ಹೇಳುತ್ತಿದ್ದರು. ಪತ್ರಿಕೆಯ ಪ್ರಕಾರ ಅದಕ್ಕೂ ಮೊದಲೇ ಬಿದ್ದಿತ್ತು. ಅವಳು ಆ ಪುಟದ ಮುಂದೆ ಸ್ವಲ್ಪ ಹೊತ್ತು ಮಿಕಮಿಕ ನೋಡುತ್ತ ಕೂತು, ಪತ್ರಿಕೆಯದನ್ನೇ ಬರೆದುಕೊಂಡಳು.

ಕರಡಿ ಬಿಗಿಪಟ್ಟಿನ ಮೇಷ್ಟ್ರು. 'ಜಗದ್ವಿಖ್ಯಾತ ಸೋಪು' ಎಂದು ಬರೆದರೆ, ಯಾವ ಜಗತ್ತು ಎಂದು ಕೇಳುತ್ತಿತ್ತು. 'ನಮ್ಮೂರಿನ ಹೆಮ್ಮೆ' ಎಂದರೆ, ಹೆಮ್ಮೆಯನ್ನು ಓದುವವರಿಗೆ ಬಿಡಿ ಎನ್ನುತ್ತಿತ್ತು. ಕಾಗುಣಿತವನ್ನಂತೂ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತಿತ್ತು. ಆದರೆ ಒಂದು ವಾಕ್ಯ ನೆಟ್ಟಗೆ ಬಂದ ದಿನ, 'ಇದು ಸರಿ' ಎಂದು ತಪ್ಪದೆ ಬರೆಯುತ್ತಿತ್ತು. ಆ ಎರಡು ಪದಕ್ಕಾಗಿ ಅವಳು ಬೆಳಿಗ್ಗೆ ಎದ್ದ ಕೂಡಲೇ ಲ್ಯಾಪ್‌ಟಾಪ್ ತೆರೆಯುವುದು ಮಗಳ ಕಣ್ಣಿಗೂ ಬಿತ್ತು. ಈ ಕರಡಿ ಯಾರೋ ಒಂಟಿ ಮುದುಕ ಇರಬೇಕು, ಜೋಪಾನ ಎಂದು ಮಗಳು ಕೀಟಲೆ ಮಾಡಿದಳು.

ಕೈಗವಸಿನ ಮುಷ್ಕರದ ಸುದ್ದಿಯೂ ಸಿಕ್ಕಿತು. ಬೆರಳಗಲದ ಸುದ್ದಿ. 'ಕತ್ತರಿಸುವ ವಿಭಾಗದ ಮಹಿಳೆಯರು ಕೆಲಸ ನಿಲ್ಲಿಸಿದರು. ಆಡಳಿತವು ಕೈಗವಸು ನೀಡಲು ಒಪ್ಪಿತು' ಎಂದಷ್ಟೇ ಇತ್ತು. ಯಾರ ಹೆಸರೂ ಇರಲಿಲ್ಲ. ಅವಳು ಆ ಕಡೆ ಈ ಕಡೆಯ ದಿನಗಳ ಪತ್ರಿಕೆಗಳನ್ನೆಲ್ಲ ಜಾಲಾಡಿದಳು. ಎಲ್ಲೂ ಸಿಗದಿದ್ದಾಗ, ಇಷ್ಟು ದಿನ ನಿಯಮ ಪಾಲಿಸಿದ್ದೇನಲ್ಲ, ಒಂದು ಸಲ ನಡೆಯುತ್ತದೆ ಎಂದುಕೊಂಡು, ಅಮ್ಮನ ಹೆಸರು ಬರೆದು, ಈ ಧೀರ ಕಾರ್ಮಿಕಳ ನಾಯಕತ್ವದಲ್ಲಿ ಮುಷ್ಕರ ನಡೆಯಿತು ಎಂದು ಒಂದು ಸಾಲು ಸೇರಿಸಿದಳು. ಆ ಕಾರ್ಮಿಕಳು ಯಾರು, ತನಗೇನಾಗಬೇಕು ಎಂಬುದನ್ನು ಮಾತ್ರ ಬರೆಯಲಿಲ್ಲ.

ಮರುದಿನ ಆ ಸಾಲು ಹೋಗಿತ್ತು. ಕಾರಣ ಹೀಗಿತ್ತು: 'ಉಲ್ಲೇಖವಿಲ್ಲ. ಹೊಗಳಿಕೆ ಬೇರೆ. ಅಲ್ಲದೆ ಹೆತ್ತ ತಾಯಿಯ ಬಗ್ಗೆ ಮಕ್ಕಳೇ ಬರೆಯುವಂತಿಲ್ಲ.'

ಅವಳು ಅದನ್ನು ಎರಡು ಸಲ ಓದಿದಳು. ಹೆತ್ತ ತಾಯಿ ಎಂದು ಇವರಿಗೆ ಹೇಳಿದವರು ಯಾರು? ತಾನು ಬರೆದದ್ದನ್ನೆಲ್ಲ ಮೊದಲಿನಿಂದ ತಿರುವಿ ಹಾಕಿದಳು. ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಆಗ ಕರಡಿ ಎಂಬ ಹೆಸರೇ ಅವಳ ಕಣ್ಣಿಗೆ ಚುಚ್ಚಿತು. ಅಕ್ಕ ಅಚ್ಚುಕೂಟದಲ್ಲಿ ಇಡೀ ಆಯುಷ್ಯ ಮಾಡಿದ್ದು ಕರಡು ತಿದ್ದುವ ಕೆಲಸ. ಕರಡು ತಿದ್ದುವವಳು ಕರಡಿಯಾಗದೆ ಇನ್ನೇನಾದಾಳು?

ಮೊದಲು ಬಂದದ್ದು ಸಿಟ್ಟು. ಅಮ್ಮನನ್ನು ಮನೆಯಿಂದ ಎತ್ತಿಕೊಂಡು ಹೋದದ್ದು ಸಾಲದೆಂದು ಈಗ ಪುಟದಿಂದಲೂ ಎತ್ತಿದಳಲ್ಲ ಎನಿಸಿತು. ಲ್ಯಾಪ್‌ಟಾಪ್ ಮುಚ್ಚಿ ಕಪಾಟಿನೊಳಗೆ ತುರುಕಿದಳು. ಮಗಳು ಕೇಳಿದ್ದಕ್ಕೆ, ಎಲ್ಲ ನಿನ್ನ ದೊಡ್ಡಮ್ಮನ ಕೆಲಸ ಎಂದಷ್ಟೇ ಹೇಳಿದಳು. ಮಗಳು ಲ್ಯಾಪ್‌ಟಾಪ್ ಹೊರತೆಗೆದು ಕರಡಿಯ ಖಾತೆಯನ್ನು ನೋಡತೊಡಗಿದಳು. ಆಮೇಲೆ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಕರಡಿ ಖಾತೆ ತೆರೆದದ್ದು ಅಜ್ಜಿ ಹೋದ ಮರು ತಿಂಗಳು. ಅಂದಿನಿಂದ ದಿನ ಬಿಡದೆ ಬರೆಯುತ್ತಿತ್ತು, ಸೇತುವೆ, ಹೊಳೆ, ಹಕ್ಕಿ, ಯಾವುದು ಕೈಗೆ ಸಿಕ್ಕರೆ ಅದು. ಕಾರ್ಖಾನೆಯನ್ನು ಮಾತ್ರ ಮುಟ್ಟಿರಲಿಲ್ಲ.

"ನೀನು ಬರೀಲಿ ಅಂತ ಬಿಟ್ಟಿದ್ರೋ, ಅವರಿಗೇ ಆಗ್ಲಿಲ್ವೋ, ಹೋಗಿ ಕೇಳು," ಎಂದಳು ಮಗಳು.

ಎರಡು ದಿನ ಅವಳು ಹೋಗಲಿಲ್ಲ. ಭಾನುವಾರ ಹೋದಳು. ಬಾಗಿಲು ತೆರೆದದ್ದು ಭಾವ. ಮಿತಭಾಷಿ ಮನುಷ್ಯ, ಇವಳನ್ನು ಕಂಡು ಒಳಗೆ ತಿರುಗಿ, "ಯಾರು ಬಂದಿದಾರೆ ನೋಡು," ಎಂದು ಹೇಳಿ, ಟೀ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿಕೊಂಡರು. ಅಕ್ಕ ಕಿಟಕಿಯ ಬಳಿ ಕಂಪ್ಯೂಟರಿನ ಮುಂದೆ ಇದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎದ್ದು ಕುರ್ಚಿಯ ಮೇಲಿನ ಪತ್ರಿಕೆಗಳನ್ನು ತೆಗೆದು ಜಾಗ ಮಾಡಿಕೊಟ್ಟಳು.

"ಯಾವಾಗಿಂದ ಗೊತ್ತಿತ್ತು, ನಾನೇ ಅಂತ?" ತಂಗಿ ಕೇಳಿದಳು.

"ಮೊದಲನೇ ದಿನದಿಂದ. ಕಾರ್ಖಾನೆಗೆ 'ಖ' ಹಾಕಬೇಕಾದ ಕಡೆ ಬಿಟ್ಟು ಹಾಕಬಾರದ ಕಡೆ ಹಾಕೋಳು ಈ ಊರಲ್ಲಿ ನೀನೊಬ್ಬಳೇ. ಎರಡನೇ ಕ್ಲಾಸಿಂದ ತಿದ್ದಿದೀನಿ ಅದನ್ನ."

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬರೆಯೋದು ಬಿಟ್ಟುಬಿಡ್ತಿದ್ದೆ."

ಅದು ನಿಜವೇ ಆಗಿತ್ತು. ಭಾವ ಟೀ ತಂದಿಟ್ಟು ಹೋದರು. ಇಬ್ಬರೂ ಸ್ವಲ್ಪ ಹೊತ್ತು ಪುಟದ ಮಾತೇ ಆಡಿದರು: ಬೆಂಕಿಯ ವರ್ಷದ ಮಾತು, ಸೈರನ್ನಿನ ಮಾತು. ಅಮ್ಮನ ಸಾಲಿನ ಮಾತು ಬಂದಾಗ ತಂಗಿ ಲೋಟ ಕೆಳಗಿಟ್ಟಳು.

"ಆಸ್ಪತ್ರೆಗೆ ಯಾಕೆ ಕರ್ಕೊಂಡು ಹೋದೆ?"

ಅಕ್ಕ ಕನ್ನಡಕ ತೆಗೆದಳು. "ಅಮ್ಮನೇ ಫೋನ್ ಮಾಡಿದ್ದು. ನನ್ನ ಎತ್ತಿ ಎತ್ತಿ ನಿನ್ನ ತಂಗಿ ಸೊಂಟ ಬಿದ್ದುಹೋಗ್ತಿದೆ, ಬಾ, ಅವಳು ಇಲ್ಲದಾಗ ಬಾ, ಇದ್ರೆ ಬಿಡಲ್ಲ ಅಂದ್ಲು. ನಾನೇ ಹೇಳ್ದೆ ಅಂತ ಹೇಳಬೇಡ, ನೊಂದ್ಕೋತಾಳೆ ಅಂದ್ಲು."

"ಅವತ್ತು ಎಲ್ಲರೆದುರಿಗೆ ನಾನು ಅಷ್ಟು ಅಂದ್ನಲ್ಲ, ಆಗಲಾದ್ರೂ ಹೇಳಬಾರದಿತ್ತಾ?"

"ಕೇಳಿಸ್ಕೊಂಡವಳು ನಾನೊಬ್ಬಳೇ. ಅವತ್ತು ನೀನು ನಂಬ್ತಿದ್ಯಾ?"

ತಂಗಿಗೆ ಆಂಬುಲೆನ್ಸ್ ಬಂದ ದಿನ ನೆನಪಾಯಿತು. ಆ ದಿನ ಬೆಳಿಗ್ಗೆ ತಾನು ಅಂಗಡಿಗೆ ಹೊರಟಾಗ ಅಮ್ಮ, ನನಗೆ ತಲೆ ಬಾಚಿ ಆ ಒಳ್ಳೆ ಸ್ವೆಟರ್ ಹಾಕಿ ಹೋಗು ಎಂದಿದ್ದಳು. ಚಳಿಯೇನೂ ಇರಲಿಲ್ಲ. ಮುದುಕರ ಮೈಗೆ ಚಳಿ ಜಾಸ್ತಿ ಎಂದುಕೊಂಡು, ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಹಾಕಿಸಿ ಬಂದಿದ್ದಳು.

"ಸ್ವೆಟರ್ ಹಾಕಿಸ್ಕೊಂಡಿದ್ಲು ಅವತ್ತು," ಎಂದಳು ಕೊನೆಗೆ.

"ಹೂಂ. ಹಾಕ್ಕೊಂಡು ಕಾಯ್ತಾ ಕೂತಿದ್ಲು."

ತಂಗಿ ಸೆರಗಿಗೆ ಕೈ ಹಾಕದೆ, ಮುಖ ಮರೆಸದೆ, ಅಲ್ಲೇ ಅತ್ತಳು. ಅಕ್ಕ ಅಳಲಿಲ್ಲ, ಆರಿಹೋದ ಟೀ ಲೋಟವನ್ನು ಒಳಗೆ ಕೊಟ್ಟು ಬೇರೆ ತಂದಳು. ಕ್ಷಮೆ ಕೇಳುವುದು, ಕೊಡುವುದು ಆ ಮನೆತನದವರಿಗೆ ಬರುವ ವಿದ್ಯೆಯಲ್ಲ. ತಂಗಿ ಟೀ ಕುಡಿದು, ನಿನ್ನ ಕೂದಲಿಗೇನಾಯಿತು ಎಂದು ಕೇಳಿದಳು. ಅಕ್ಕ, ವಯಸ್ಸಾಯಿತು ಎಂದಳು.

ಆಮೇಲೆ ಅಕ್ಕ ಬೀರುವಿನಿಂದ ಒಂದು ಫೋಟೋ ತೆಗೆದಳು. ಗೇಟಿನ ಮುಂದೆ ಸಾಲಾಗಿ ಕೂತ ಹೆಂಗಸರು, ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತ ಅಮ್ಮ. ಹೆಸರು ಬೇಡ, ಇದನ್ನಾದರೂ ಪುಟಕ್ಕೆ ಹಾಕೋಣ ಎಂದು ತಂಗಿ ಹಿಗ್ಗಿದಳು. ತೆಗೆದವನು ಯಾರೆಂದು ಗೊತ್ತಿಲ್ಲದೆ, ಅವನ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ ಎಂದಳು ಅಕ್ಕ. ತಂಗಿ ವಾದಿಸಿದಳು. ಅಕ್ಕ ನಿಯಮದ ಪುಟ ತೆರೆದು ತೋರಿಸಿದಳು. ಬಂದ ಅರ್ಧ ಗಂಟೆಯಲ್ಲಿ ಅಕ್ಕತಂಗಿಯರಿಗೆ ಜಗಳ ಹತ್ತಿಕೊಂಡಿದ್ದನ್ನು ಕೇಳಿ ಭಾವ ಅಡುಗೆಮನೆಯಿಂದ ಇಣುಕಿ, ವಿಷಯ ಏನೆಂದು ತಿಳಿದು ವಾಪಸು ಹೋದರು.

ಫೋಟೋ ಹಾಕಲಿಲ್ಲ. ಅದರದೊಂದು ಪ್ರತಿ ಮಾಡಿಸಿ ತಂಗಿ ತನ್ನ ಮನೆಯ ಗೋಡೆಗೆ ಹಾಕಿಕೊಂಡಳು. ಕಾರ್ಖಾನೆಯ ಪುಟ ಮುಂದಿನ ವಾರ ಪ್ರಕಟವಾಯಿತು. ದೊಡ್ಡದೇನಲ್ಲ, ಉದ್ಘಾಟನೆ, ಬೆಂಕಿ, ಮುಷ್ಕರ, ಮುಚ್ಚಿದ್ದು, ಪ್ರತಿ ಸಾಲಿನ ಕೊನೆಗೂ ಒಂದು ಉಲ್ಲೇಖ. ಈಗ ಭಾನುವಾರಗಳಲ್ಲಿ ತಂಗಿ ಅಕ್ಕನ ಮನೆಗೆ ಹೋಗುತ್ತಾಳೆ. ಸದ್ಯಕ್ಕೆ ಇಬ್ಬರೂ ರೈಲು ನಿಲ್ದಾಣದ ಹಿಂದಿನ ನೀರಿನ ಟ್ಯಾಂಕಿನ ಬಗ್ಗೆ ಬರೆಯುತ್ತಿದ್ದಾರೆ, ಅದು ಕಟ್ಟಿದ್ದು ಯಾವಾಗ ಎಂಬ ವಿಷಯದಲ್ಲಿ ಇನ್ನೂ ಒಮ್ಮತವಾಗಿಲ್ಲ. ಮನೆಗೆ ಒಂದು ಕರಡಿಯೇ ಹೆಚ್ಚಾಗಿತ್ತು ಎಂದು ಭಾವ ಗೊಣಗುತ್ತಾರೆ. ಆದರೂ ಎರಡನೆಯ ಕುರ್ಚಿಗೆ ಮೆತ್ತೆ ಹೊಲಿಸಿ ತಂದವರು ಅವರೇ.