ಮತ್ತೆ ಬೆಳೆದ ಕೂದಲು

ನೀರು ಹದವಾಗಿದೆಯಾ ಎಂದು ಮಣಿಕಟ್ಟಿನ ಮೇಲೆ ಹರಿಸಿಕೊಳ್ಳುತ್ತೇನೆ, ಇನ್ನೊಂಚೂರು ತಣ್ಣಗಾಗಲಿ, ಅಕ್ಕ ಕಣ್ಣು ಮುಚ್ಚಿ ಬೇಸಿನ್ನಿನ ಅಂಚಿಗೆ ಕತ್ತು ಒರಗಿಸಿದ್ದಾಳೆ, ಯಾರೋ ಬಾಗಿಲು ತಳ್ಳಿ ನೋಡಿ ಹೋದರು, ಹೋಗಲಿ, ಬೋರ್ಡು ತಿರುಗಿಸಿದ್ದು ಕಾಣುವುದಿಲ್ಲವೇ, ಈ ಹೊತ್ತು ನನ್ನ ಪಾರ್ಲರಿಗೆ ಟ್ರಿಮ್ ಮಾಡಿಸಲು ಬಂದ ಇವಳೊಬ್ಬಳೇ ಗಿರಾಕಿ — ಕೂದಲು ಮತ್ತೆ ಕಿವಿ ಮುಚ್ಚುವಷ್ಟು ಬೆಳೆದಿದೆ. ಬೆಳೆಯಬಾರದಿತ್ತು. ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದು ಬಂದ ಸಂಜೆಯೇ ಇಲ್ಲಿ ಬಂದು ಕೂತಿದ್ದಳು, ಔಷಧಿಗೆ ಉದುರೋದಕ್ಕಿಂತ ನಿನ್ನ ಕೈಯಲ್ಲೇ ಹೋಗಲಿ, ಕತ್ತರಿಸು, ಈಜುಟೋಪಿಯೊಳಗೆ ಗಂಟು ಹಾಕಿ ತುರುಕುತ್ತಿದ್ದ ಅಷ್ಟುದ್ದದ ಜಡೆ, ನಾನು ಅಳುತ್ತಲೇ ಕತ್ತರಿ ಆಡಿಸಿದೆ, ಅವಳು ಕನ್ನಡಿ ನೋಡಿ, ಥೇಟ್ ಅಪ್ಪನ ಹಾಗೇ ಕಾಣ್ತೀನಲ್ಲೇ, ಮೀಸೆ ಒಂದು ಕಡಿಮೆ. ಸಣ್ಣದು, ಸ್ತನದಲ್ಲೇ ಇದೆ, ಎಲ್ಲೂ ಹರಡಿಲ್ಲ, ತಡ ಮಾಡದೆ ಶುರು ಮಾಡೋಣ ಎಂದಿದ್ದರು ಡಾಕ್ಟರು. ತಡ ಮಾಡದೆ. ಆ ಮಾತು ನಂಬಿ ನಾವು ಬಟ್ಟೆಬರೆ ಕಟ್ಟಿಕೊಂಡು ಕೂತೆವು, ಆಮೇಲೆ ಸ್ಕ್ಯಾನ್ ಯಂತ್ರ ಕೆಟ್ಟಿತು, ಬಿಡಿಭಾಗ ಬರಬೇಕಂತೆ, ಯಂತ್ರ ಸರಿಹೋದರೆ ಪರೀಕ್ಷೆಗೆಂದು ಗಡ್ಡೆಯಿಂದ ತೆಗೆದಿಟ್ಟ ಚೂರನ್ನು ಇನ್ನೊಂದು ಲ್ಯಾಬಿನವರೂ ನೋಡಬೇಕಂತೆ, ಲ್ಯಾಬಿನವರು ಉತ್ತರ ಕಳಿಸುವಷ್ಟರಲ್ಲಿ ಡಾಕ್ಟರೇ ರಜೆ, ಕೌಂಟರಿನ ಹುಡುಗಿ — ಅವಳದ್ದೇನು ತಪ್ಪು, ಪಾಪ — ಫೋನ್ ಬರುತ್ತೆ ಮೇಡಂ, ಕಾಯ್ತಾ ಇರಿ, ನಿಮ್ಮ ಥರಾನೇ ತುಂಬ ಜನ ಕಾಯ್ತಿದಾರೆ, ನಾನು ಮೇಜು ಬಡಿದೆ, ನಮ್ಮಕ್ಕ ಕಾಯ್ತಾಳೆ ಕಣಮ್ಮ, ಅವಳೊಳಗಿರೋದು ಕಾಯುತ್ತಾ, ಎಲ್ಲರೂ ತಿರುಗಿ ನೋಡಿದರು, ಅಕ್ಕ ನನ್ನ ತೋಳು ಹಿಡಿದು ಎಳೆದಳು, ಸುಮ್ನೆ ಬಾರೇ, ಸಾಲಲ್ಲಿ ನಿಂತೋರಿಗೆಲ್ಲ ಇದೇ ಕಾಯಿಲೆ.

ಶಾಂಪೂ ನೊರೆಯೇಳುತ್ತದೆ, ಅವಳ ತಲೆ ನನ್ನ ಅಂಗೈಯಲ್ಲಿ ಭಾರ, ಚಿಕ್ಕವಳಿದ್ದಾಗ ಕೊಳದಲ್ಲಿ ನನ್ನ ತಲೆ ಹೀಗೇ ಅವಳ ಅಂಗೈಯಲ್ಲಿತ್ತು, ಕತ್ತು ಬಿಗಿ ಹಿಡೀಬೇಡ, ಬಿಟ್ಬಿಡು, ನೀರೇ ಹೊತ್ಕೊಳ್ಳುತ್ತೆ, ಊರ ಮಕ್ಕಳಿಗೆಲ್ಲ ಇದೇ ಮಾತು ಹೇಳಿ ಈಜು ಕಲಿಸಿದವಳು, ಈಗ ಕೊಳದವರು ಬೇರೊಬ್ಬಳನ್ನು ಇಟ್ಟುಕೊಂಡಿದ್ದಾರೆ, ತಾತ್ಕಾಲಿಕ ಅಂತೆ, ಭಾವ ಎದ್ದರೆ ಕೂತರೆ ಫೋನ್ ಚಾರ್ಜ್ ಆಗಿದೆಯಾ ನೋಡುತ್ತಾರೆ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ, ನಂಗೆ ಕೇಳ್ಸಲ್ಲ ಅಂದ್ಕೊಂಡಿದಾರೆ ಕಣೇ, ನೀರಿನ ಬಿಲ್ಲು ನೋಡಿದ್ರೆ ಆಮೇಲೆ ಇನ್ನೂ ಅಳ್ತಾರೆ, ಎಂದು ನಗುತ್ತಾಳೆ ಅಕ್ಕ — ಫೋನು. ಅವಳ ಮಡಿಲಲ್ಲಿ. ಒದ್ದೆ ಬೆರಳಲ್ಲೇ ಸ್ಪೀಕರ್ ಒತ್ತುತ್ತೇನೆ, ಆಸ್ಪತ್ರೆಯಿಂದ ಮೇಡಂ, ಸೋಮವಾರ ಬೆಳಿಗ್ಗೆ ಬಂದು ಅಡ್ಮಿಟ್ ಆಗಿ, ಮೊದಲನೇ ಡೋಸ್ ಅವತ್ತೇ, ಈ ಸಲ ಪಕ್ಕಾನಾ, ಪಕ್ಕಾ ಮೇಡಂ. ಅಕ್ಕ ಕಣ್ಣು ತೆರೆಯದೆ ನಗುತ್ತಾಳೆ, ನಗುತ್ತಲೇ ಕಣ್ಣೀರು ಜಾರಿ ಕಿವಿಗಿಳಿಯುತ್ತದೆ, ಹಾಗಾದ್ರೆ ಟ್ರಿಮ್ ಯಾಕೆ, ಪೂರ್ತಿ ಬೋಳಿಸಿಬಿಡು, ಆಯ್ತಕ್ಕ, ಆಯ್ತು, ಹೋದ ಜೀವ ಬಂದ ಹಾಗೆ ನನ್ನ ಕೈ ಚುರುಕಾಗುತ್ತದೆ, ನೆತ್ತಿ, ಹೆಡತಲೆ, ಕಿವಿಯ ಹಿಂದೆ, ನೊರೆ ಕತ್ತಿನಿಂದ ಜಾರಿ ಕೊರಳೆಲುಬಿನ ಮೇಲಿನ ಗುಳಿಯಲ್ಲಿ ನಿಂತಿದೆ, ಒರೆಸಲು ಬೆರಳು ಇಳಿಸುತ್ತೇನೆ, ಎಡಗಡೆ — ಅಲ್ಲೇನೋ. ನೊರೆಯ ಕೆಳಗೆ, ಚರ್ಮದ ಕೆಳಗೆ, ಬಟಾಣಿಯಷ್ಟು. ನರವಿರಬಹುದು, ಬಲಗಡೆಯೂ ಇರಬಹುದು, ಬಲಗಡೆ ಬರೀ ಗುಳಿ, ಮೆತ್ತಗೆ, ಮತ್ತೆ ಎಡಗಡೆ, ಇದೆ, ಒತ್ತಿದರೆ ಸರಿಯುವುದಿಲ್ಲ, ಜಡೆ ಕತ್ತರಿಸಿದ ದಿನ ಇರಲಿಲ್ಲ, ಈ ಕತ್ತು ನನ್ನ ಕೈಗೆ ಗೊತ್ತು, ಇರಲಿಲ್ಲ, ಯಾಕೇ ನಿಲ್ಲಿಸ್ಬಿಟ್ಟೆ, ಏನಿಲ್ಲಕ್ಕ, ಇಲ್ಲಿ ನೋವಾಗುತ್ತಾ, ಇಲ್ವಲ್ಲ, ಯಾಕೆ, ನೊರೆಯೆಲ್ಲ ತೊಳೆದು ಹೋಯಿತು, ಬೆರಳು ತೆಗೆಯಬೇಕು, ತೆಗೆದೆ, ಮತ್ತೆ ಇಟ್ಟೆ, ಬಟಾಣಿಯಷ್ಟು, ಗಟ್ಟಿ, ಬೆರಳ ತುದಿಯ ಕೆಳಗೆ, ಬಟಾಣಿಯಷ್ಟು