ಮೊದಲ ತುತ್ತು

ಸೊಸೆ ಮೊದಲ ತುತ್ತು ನುಂಗುವವರೆಗೂ ದಾಕ್ಷಾಯಣಮ್ಮ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ನೀರಿನ ಲೋಟ ಸರಿಸುತ್ತಾ, ಸೆರಗು ಸರಿಮಾಡಿಕೊಳ್ಳುತ್ತಾ, ಕಣ್ಣಂಚಿನಲ್ಲಿ ಮಹಾನಂದಳ ಗಂಟಲನ್ನೇ ನೋಡುತ್ತಿದ್ದರು. ಅತ್ತೆ ಉಣ್ಣುವ ಮೊದಲು ಸೊಸೆ ಉಣ್ಣಬಾರದೆಂದು ತವರಿನಲ್ಲಿ ಕಲಿತು ಬಂದ ಹುಡುಗಿ ಅದು. ಅವಳೂ ಕೈ ಕಟ್ಟಿ ಕೂರುತ್ತಿದ್ದಳು. ದಾಕ್ಷಾಯಣಮ್ಮನ ಗಂಡ ನಂಜುಂಡಯ್ಯನವರೂ ಮಗ ಮುರುಗೇಶನೂ ಉಂಡು ಪೇಟೆಯ ಬಟ್ಟೆ ಅಂಗಡಿಗೆ ಹೋದಮೇಲೆ, ಶಂಕರಪುರದ ಆ ಮನೆಯಲ್ಲಿ ಇಬ್ಬರು ಹೆಂಗಸರು ಎರಡು ತಟ್ಟೆಗಳ ಮುಂದೆ ಹೀಗೆ ಗಂಟೆ ಹೊತ್ತು ಕಾಯುವುದೂ ಇತ್ತು. ಕೊನೆಗೆ ದಾಕ್ಷಾಯಣಮ್ಮನೇ, ಎಳೇ ಹುಡುಗಿ ನೀನು, ಹಸಿದಿರಬೇಡ ಅನ್ನುವರು. ಸೊಸೆ ತಲೆ ತಗ್ಗಿಸಿ ಒಂದು ತುತ್ತು ತಿನ್ನುವಳು. ಆಮೇಲೆ ಇವರು ಆರಿದ ಅನ್ನ ಉಣ್ಣುವರು. ಕೈ ತೊಳೆಯುವಷ್ಟರಲ್ಲಿ ಹೊಕ್ಕುಳ ಮೇಲೆ ಕೆಂಡ ಇಟ್ಟಂತೆ ಉರಿ ಶುರುವಾಗುತ್ತಿತ್ತು.

ಈ ಉರಿ ಮಗನ ಮದುವೆಯಾದ ಮೂರನೇ ತಿಂಗಳಿಗೆ ಬಂದದ್ದು. ಅದೇ ತಿಂಗಳು ಅಡುಗೆಮನೆ ಸೊಸೆಯ ಕೈಗೆ ಹೋಗಿತ್ತು. ಇನ್ನು ನೀನು ಆರಾಮಾಗಿರು ಎಂದು ನಂಜುಂಡಯ್ಯನವರು ಅಂದದ್ದೇ ಅಂದದ್ದು, ರುಬ್ಬುವ ಕಲ್ಲು, ಬಾವಿಯ ಹಗ್ಗ, ಗಾಂಧಿ ಬಜಾರಿನ ತರಕಾರಿ ಚೀಲ ಎಲ್ಲವೂ ಒಂದೇ ವಾರದಲ್ಲಿ ದಾಕ್ಷಾಯಣಮ್ಮನಿಂದ ದೂರವಾದವು. ಉಳಿದದ್ದು ಕಿಟಕಿ ಪಕ್ಕದ ಚಾಪೆ. ಪಕ್ಕದ ಮನೆ ಗಿರಿಜಾಂಬಾ ಬಂದು ಕೂತರೆ ಕಾಫಿ, ಹೋದಮೇಲೆ ಬೇಜಾರಿಗೆ ಮತ್ತೊಂದು ಕಾಫಿ. ಕಾಫಿಯನ್ನು ಮಾತ್ರ ತಾವೇ ಕಾಯಿಸಿಕೊಳ್ಳುತ್ತಿದ್ದರು.

ಮದ್ದು ಎಂಬ ಮಾತು ಮೊದಲು ತೆಗೆದದ್ದೂ ಗಿರಿಜಾಂಬಾನೇ. ಗಂಡನನ್ನೂ ಮನೆಯನ್ನೂ ಕೈಯೊಳಗೆ ಇಟ್ಟುಕೊಳ್ಳಲು ಕೆಲವರು ಊಟದಲ್ಲಿ ಬೆರೆಸಿ ಹಾಕುತ್ತಾರೆ, ಅದು ಹೊಟ್ಟೆಯಲ್ಲಿ ಅಂಟಿಕೊಂಡು ಒಳಗೊಳಗೇ ತಿನ್ನುತ್ತದೆ ಎಂದು ವಿವರಿಸಿದಳು. ದಾಕ್ಷಾಯಣಮ್ಮ ಆ ದಿನ ಬೈದು ಕಳಿಸಿದರು. ಮಾರನೇ ದಿನದಿಂದ ಸೊಸೆಯ ಗಂಟಲು ನೋಡತೊಡಗಿದರು.

ಮುರುಗೇಶ ತಾಯಿಯನ್ನು ಚಾಮರಾಜಪೇಟೆಯ ಡಾಕ್ಟರ್ ಚಂದ್ರಶೇಖರಯ್ಯನವರ ಹತ್ತಿರ ಕರೆದುಕೊಂಡು ಹೋದ. ಅವರು ಹೊಟ್ಟೆ ಒತ್ತಿ ನೋಡಿ, ನಾಲಿಗೆ ನೋಡಿ, ಕೊನೆಗೆ ಬೆಳಗ್ಗಿಂದ ರಾತ್ರಿವರೆಗೆ ಏನೇನು ಮಾಡ್ತೀರಿ ಎಂದು ಕೇಳಿದರು. ಎಷ್ಟು ಹೊತ್ತಿಗೆ ಊಟ, ಎಷ್ಟು ಕಾಫಿ, ನಿದ್ದೆ ಹೇಗೆ, ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದ್ದೀರಾ. ನೋವಿಗೆ ಔಷಧಿ ಕೇಳಿದರೆ ಮನೆ ವಿಚಾರ ಕೆದಕುತ್ತಾನಲ್ಲ ಎಂದು ದಾಕ್ಷಾಯಣಮ್ಮನಿಗೆ ಸಿಟ್ಟು ಬಂತು. ಡಾಕ್ಟರು ಕೊಟ್ಟ ಬಿಳಿ ಔಷಧಿಯ ಸೀಸೆ ಗೂಡಿನಲ್ಲೇ ಉಳಿಯಿತು.

ಮುಂದಿನ ವಾರ ಗಿರಿಜಾಂಬಾ ದಾಕ್ಷಾಯಣಮ್ಮನನ್ನು ಕಲಾಸಿಪಾಳ್ಯದ ಮುನಿಯಕ್ಕನ ಮನೆಗೆ ಕರೆದೊಯ್ದಳು. ಮುನಿಯಕ್ಕ ಮದ್ದು ತೆಗೆಯುವವಳು. ಜಗಲಿಯ ಮೇಲೆ ಕೂರಿಸಿ, ಯಾವುದೋ ಬಳ್ಳಿಯ ಸೊಪ್ಪು ಅರೆದು ಅಂಗೈಗೆ ರಸ ಹಿಂಡಿದಳು. ಹೊಟ್ಟೆಯಲ್ಲಿ ಮದ್ದಿದ್ದರೆ ರಸ ಹೆಪ್ಪುಗಟ್ಟುತ್ತದೆ, ಇಲ್ಲದಿದ್ದರೆ ನೀರಾಗಿ ಹರಿಯುತ್ತದೆ ಅಂದಳು. ನೋಡನೋಡುತ್ತಿದ್ದಂತೆ ರಸ ಅಂಗೈಯಲ್ಲಿ ಗಟ್ಟಿ ಮೊಸರಿನ ಹಾಗೆ ನಿಂತಿತು. ಕೈ ಕೊಡವುವಾಗ ದಾಕ್ಷಾಯಣಮ್ಮನ ಕಣ್ಣಿಗೆ ಇನ್ನೊಂದೂ ಬಿತ್ತು. ಜಗಲಿಯ ಕಲ್ಲಿನ ಮೇಲೆ ತೊಟ್ಟಿಕ್ಕಿದ್ದ ರಸವೂ ಹಾಗೇ ಹೆಪ್ಪುಗಟ್ಟಿತ್ತು. ಸೆರಗಿಗೆ ಕೈ ಒರೆಸಿಕೊಂಡರು.

ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಬನ್ನಿ, ಕಕ್ಕಿಸಿ ತೆಗೀತೀನಿ ಎಂದಳು ಮುನಿಯಕ್ಕ.

ಅಷ್ಟರಲ್ಲಿ ಮಹಾನಂದ ಅಣ್ಣನ ಮಗುವಿನ ನಾಮಕರಣಕ್ಕೆಂದು ಗುಬ್ಬಿಗೆ ಹೋದಳು. ಭಾನುವಾರ ವಾಪಸು ಬರುವವಳು. ಅವಳು ಇಲ್ಲದ ಎಂಟು ದಿನ ದಾಕ್ಷಾಯಣಮ್ಮನೇ ನೀರು ಸೇದಿದರು, ಚೀಲ ಹಿಡಿದು ಬಜಾರಿಗೆ ನಡೆದರು, ಲಿಂಗಪೂಜೆ ಮುಗಿಸಿ ಹನ್ನೆರಡಕ್ಕೆಲ್ಲ ಬಿಸಿಬಿಸಿ ಉಂಡರು. ಉರಿ ಹತ್ತಿರ ಸುಳಿಯಲಿಲ್ಲ. ರಾತ್ರಿ ಗೊರಕೆ ಹೊಡೆದು ನಿದ್ದೆ ಮಾಡಿದರು. ಇದಕ್ಕಿಂತ ಸಾಕ್ಷಿ ಬೇಕೇ ಎಂದು ಮದ್ದಿನ ವಿಷಯವನ್ನೆಲ್ಲ ಗಂಡನಿಗೆ ಹೇಳಿದರು. ಅವರ ಒತ್ತಾಯಕ್ಕೆ ನಂಜುಂಡಯ್ಯನವರು ಶನಿವಾರ ಸಂಜೆ ಗುಬ್ಬಿಯ ಬೀಗರಿಗೆ ಕಾಗದ ಬರೆದರು. ನಿಮ್ಮ ಮಗಳನ್ನು ಸದ್ಯಕ್ಕೆ ಕಳಿಸಬೇಡಿ, ನಾವಾಗಿ ಹೇಳುವವರೆಗೆ ಅಲ್ಲೇ ಇರಲಿ. ನಾವಾಗಿ ಯಾವತ್ತೂ ಹೇಳುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತಿತ್ತು. ಕಾಗದವನ್ನು ಬೆಳಗಿನ ರೈಲಿಗೆ ಗುಬ್ಬಿ ಕಡೆ ಹೋಗುವವರ ಕೈಯಲ್ಲಿ ಕಳಿಸುವುದೆಂದಾಯಿತು. ಮುರುಗೇಶ ಎದ್ದು ಹಿತ್ತಲಿಗೆ ಹೋದ. ಅಲ್ಲಿ ಹಗ್ಗದ ಮೇಲೆ ಅವಳು ಹೋಗುವಾಗ ಒಗೆದು ಹಾಕಿದ್ದ ಒಂದು ಸೀರೆ ಯಾರೂ ತೆಗೆಯದೆ ಹಾಗೇ ತೂಗುತ್ತಿತ್ತು.

ದಾಕ್ಷಾಯಣಮ್ಮ ದೀಪ ಹಚ್ಚುತ್ತಿದ್ದರು. ಬೀದಿಯಲ್ಲಿ ಜಟಕಾ ಬಂದು ಬಾಗಿಲ ಹತ್ತಿರವೇ ನಿಂತಿತು. ಒಂದು ದಿನ ಮುಂಚೆಯೇ ಬಂದುಬಿಟ್ಟಳು ಎಂದುಕೊಂಡರು. ಅಷ್ಟೇ. ಹೊಕ್ಕುಳ ಮೇಲೆ ಕೆಂಡ ಬಿತ್ತು. ಗೋಡೆ ಹಿಡಿದು ಬಾಗಿಲಿಗೆ ಹೋಗಿ ನೋಡಿದರೆ, ಜಟಕಾದಿಂದ ಗಿರಿಜಾಂಬಾಳ ತಮ್ಮ ಟ್ರಂಕು ಇಳಿಸುತ್ತಿದ್ದ.

ಅವರು ಹೊಸ್ತಿಲ ಮೇಲೇ ಕೂತರು. ಎಂಟು ದಿನದಿಂದ ಬೇರೆ ಯಾರ ಕೈಯ ಊಟವನ್ನೂ ಉಂಡಿಲ್ಲ. ಬರೀ ಕುದುರೆ ಲಾಳದ ಸದ್ದು ಹೊಟ್ಟೆಗೆ ಹೇಗೆ ಹೋಯಿತು? ಆ ಜಗಲಿಯ ಕಲ್ಲು ನೆನಪಾಯಿತು. ಕಲ್ಲಿಗೆ ಯಾವ ಸೊಸೆ ಉಣ್ಣಿಸಿದ್ದಳು?

ಗಿರಿಜಾಂಬಾ ಕಂಡು ಓಡಿಬಂದಳು. ನಡೆದದ್ದನ್ನು ಕೇಳಿ ಅವಳೇನೂ ಬೆರಗಾಗಲಿಲ್ಲ.

“ನೋಡಿದ್ಯಾ ದಾಕ್ಷಾಯಣಿ, ಗುಬ್ಬಿಲಿ ಕೂತೇ ಕೆಲಸ ಮಾಡ್ಸ್ತಿದಾಳೆ.”

“ಹಂಗಾದ್ರೆ ಅವಳನ್ನ ಅಲ್ಲಿ ಬಿಟ್ಟು ಏನು ಬಂತು?” ಎಂದರು ದಾಕ್ಷಾಯಣಮ್ಮ. ಗಿರಿಜಾಂಬಾ ತಮ್ಮನಿಗೆ ಕಾಫಿ ಕೊಡಬೇಕು ಎಂದು ಹೋದಳು.

ಬೆಳಗ್ಗೆ ನಂಜುಂಡಯ್ಯನವರು ಕೋಟು ಹಾಕಿಕೊಂಡು ಕಾಗದ ಹುಡುಕಿದರೆ ಅದು ಮೇಜಿನ ಮೇಲಿರಲಿಲ್ಲ. ಹೆಂಡತಿಯ ಸೊಂಟದಲ್ಲಿತ್ತು.

“ಕಳಿಸೋದು ಬೇಡ,” ಎಂದರು ದಾಕ್ಷಾಯಣಮ್ಮ.

“ನೀನೇ ಅಲ್ವೇ ಬರೆಸಿದ್ದು?”

“ಬರೆಸಿದ್ದು ನಾನೇ. ಬೇಡ ಅಂತಿರೋದೂ ನಾನೇ.”

ಇದೂ ಮದ್ದಿನ ಆಟವೇ ಇರಬೇಕೆಂದು ನಂಜುಂಡಯ್ಯನವರು ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದರು. ಆಕೆ ಕಾಗದವನ್ನು ಸೊಂಟಕ್ಕೆ ಇನ್ನಷ್ಟು ಒಳಗೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು. ಜಟಕಾದ ವಿಷಯ ಗಂಡಸರಿಗೆ ಹೇಳಿದರೆ ನಗುತ್ತಾರೆಂಬ ಅನುಮಾನ ಒಂದು; ತಮ್ಮ ಹೊಟ್ಟೆಯನ್ನು ತಾವೇ ನಂಬಬಹುದೋ ಇಲ್ಲವೋ ಎಂಬುದು ಇನ್ನೊಂದು.

ಮಹಾನಂದ ಭಾನುವಾರ ಸಂಜೆ ಬಂದಳು. ಸೋಮವಾರ ಮುನಿಯಕ್ಕನ ಮನೆಗೆ ಯಾರೂ ಹೋಗಲಿಲ್ಲ. ಬೆಳಗ್ಗೆ ಹಿಟ್ಟು ಕಲಸಿಟ್ಟು ದಾಕ್ಷಾಯಣಮ್ಮನೇ ರೊಟ್ಟಿ ತಟ್ಟಿದರು, ಸೊಸೆ ಬೇಯಿಸಿದಳು. ಗಂಡಸರು ಅಂಗಡಿಗೆ ಹೋದರು. ಇನ್ನೂ ಹನ್ನೆರಡಾಗಿರಲಿಲ್ಲ, ದಾಕ್ಷಾಯಣಮ್ಮ ಎರಡು ತಟ್ಟೆ ಹಾಕಿದರು.

ಹುಡುಗಿ ಅವರೆಕಾಳಿನ ಸಾರು ಬಡಿಸಿ, ಎದುರಿಗೆ ಕೂತು, ಕೊನೆಗೆ ತಾನೇ ಮೊದಲು ತಿನ್ನಬೇಕಲ್ಲ ಎಂದು, ಈ ಸಲ ಹೇಳಿಸಿಕೊಳ್ಳದೆ ತುತ್ತು ಮುರಿಯಲು ಕೈ ಚಾಚಿದಳು. ದಾಕ್ಷಾಯಣಮ್ಮ ಅವಳ ಕೈ ತಡೆದು, ತಮ್ಮ ತಟ್ಟೆಯ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು.

ಮಹಾನಂದ ದಂಗಾಗಿ ನೋಡಿದಳು. ಆಮೇಲೆ ಅವಳ ಕಣ್ಣಲ್ಲಿ ಬೇರೆಯೇ ಒಂದು ನೋಟ ಬಂತು. ದಾಕ್ಷಾಯಣಮ್ಮನಿಗೆ ಅದರ ಗುರುತು ಚೆನ್ನಾಗಿತ್ತು. ಒಂದು ವರ್ಷ ತಾವೇ ಅದನ್ನು ಸಾಕಿದ್ದರು.

“ನೀವು ಯಾವತ್ತೂ ಮೊದಲು ತಿಂತಿರಲಿಲ್ವಲ್ಲ ಅತ್ತೆ,” ಎಂದಳು ಸೊಸೆ ಮೆಲ್ಲಗೆ.

“ಗೊತ್ತಿತ್ತೇನು ನಿನಗೆ?”

“ಗೊತ್ತಾಗದೆ ಇರತ್ತಾ?”

ದಾಕ್ಷಾಯಣಮ್ಮ ಎರಡನೇ ತುತ್ತು ನುಂಗಿದರು. ಮೂರನೆಯದಕ್ಕೆ ಎಡಗೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಸೊಸೆ ತಿನ್ನದೆ, ಅತ್ತೆಯ ಕೈಯನ್ನೇ ನೋಡುತ್ತಾ ಕೂತಿದ್ದಳು.

“ಉರಿ ಬಂತಾ?”

“ಬಂತು,” ಎಂದರು ದಾಕ್ಷಾಯಣಮ್ಮ. “ಬರಲಿ. ನೀನು ತಿನ್ನು, ಆರಿಹೋಗತ್ತೆ. ನನಗೆ ಇನ್ನೊಂದು ರೊಟ್ಟಿ ಹಾಕು.”