ಗೋಡೆಯೊಳಗಿನ ಅಳಿಯ

ಸರ್ಕಾರದ ನಿಗಾ ಇಲಾಖೆಯವರು ಬಂದು ನಮ್ಮ ಗ್ರಂಥಾಲಯದ ಒಂದು ಕಾದಂಬರಿಯಿಂದ ಕಡೆಯ ಅಧ್ಯಾಯವನ್ನು ಬ್ಲೇಡಿನಿಂದ ಕತ್ತರಿಸಿಕೊಂಡು ಹೋದರು. ಮರುದಿನ ಮತ್ತೆ ಬಂದು ಓದುವ ಕೋಣೆಯ ಸೂರಿಗೆ ಮೈಕು ಸಿಕ್ಕಿಸಿದರು.

ನಾನು ಅಲ್ಲಿನ ಗ್ರಂಥಪಾಲಕಿ. ಕಾದಂಬರಿಯ ಕತೆ ಇಷ್ಟೇ: ಒಂದು ನಗರ, ಅಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಸರ್ಕಾರದ ಕಿವಿ. ಜನ ನಕ್ಕರೂ ವರದಿ, ನಿಟ್ಟುಸಿರಿಟ್ಟರೂ ವರದಿ. ಇಂಥದ್ದೆಲ್ಲ ಎಲ್ಲಾದರೂ ಉಂಟೇ ಎಂದು ಓದುಗರು ಕೇಳಬಾರದೆಂದೋ ಏನೋ, ಇಲಾಖೆ ತಾನೇ ಬಂದು ಉದಾಹರಣೆ ತೂಗುಹಾಕಿ ಹೋಗಿತ್ತು.

ನಮ್ಮ ಓದುಕೂಟಕ್ಕೊಂದು ಪದ್ಧತಿಯಿದೆ. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರ ಕೈ ಸುಮ್ಮನಿರಬಾರದು. ದರ್ಜಿಯಾದ ನನ್ನಪ್ಪ ಕಾಜಾ ಹೊಲಿಯುತ್ತಾನೆ. ನಿವೃತ್ತ ನರ್ಸಮ್ಮ ಸ್ವೆಟರ್ ಹೆಣೆಯುತ್ತಾರೆ. ನಾನು ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತೇನೆ. ಅಧ್ಯಾಯವೇ ಇಲ್ಲವೆಂದ ಮೇಲೆ ಓದುವುದೇನನ್ನು? ಹಿಂದೆ ಓದಿದ್ದವರು ನೆನಪಿನಿಂದ ಹೇಳುವುದೆಂದಾಯಿತು.

"ಆ ಮುದುಕಿ ದಿನಾ ಗೋಡೆ ಹತ್ರ ಹೋಗಿ, 'ಊಟ ಆಯ್ತೇನಪ್ಪಾ?' ಅಂತ ಕೇಳ್ತಾಳೆ," ಎಂದು ಅಪ್ಪ ಶುರುಮಾಡಿದ. "ಆ ಕಡೆ ಕೂತು ಕೇಳಿಸ್ಕೊಳ್ತಿರೋನು ಅವಳ ಮಗನೇ. ಪಾಪ, ಅವಳಿಗದು ಗೊತ್ತಿಲ್ಲ."

"ಗೊತ್ತಿತ್ತು ಕಣಯ್ಯಾ! ಗೊತ್ತಿದ್ದೇ ಕೇಳ್ತಾಳೆ," ಎಂದರು ನರ್ಸಮ್ಮ.

"ಇದು ನೀವು ಓದಿದ್ದೋ, ಹೆಣೆದದ್ದೋ?"

"ನಿನ್ನ ಥರ ನಾನು ಕತೇನ ಅಳತೆಗೆ ಕತ್ತರಿಸಲ್ಲಪ್ಪ."

ಜಗಳ ಮುಗಿಯುವುದರೊಳಗೆ ಕರೆಂಟ್ ಹೋಯಿತು. ಮೈಕಿನ ಕೆಂಪು ದೀಪವೂ ಆರಿತು. ಅಪ್ಪ ಕಿಟಕಿಯ ಬೆಳಕಿನಲ್ಲೇ ಕತೆಯ ಕೊನೆಯನ್ನು ಹೇಳಿ ಮುಗಿಸಿದ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ನನ್ನ ಗಂಡ ನೀರು ಸರಬರಾಜು ಕಚೇರಿಯಲ್ಲಿದ್ದಾನೆಂದೇ ನಾವೆಲ್ಲ ನಂಬಿದ್ದೆವು; ಓದುಕೂಟಕ್ಕೆ ಅವನು ಬಂದವನೇ ಅಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತಾ ಅವನು ಕೇಳಿದ: "ಮಾವ, ಕೊನೆಗೆ ಆ ಮಗ ಮುದುಕಿ ಹೆಸರು ವರದೀಲಿ ಬರ್ಕೊಂಡ್ನಾ?"

ಅಪ್ಪನ ತುತ್ತು ಕೈಯಲ್ಲೇ ನಿಂತಿತು. "ಯಾವ ಮುದುಕಿ, ಅಳಿಯಂದ್ರೇ?"

ಗಂಡ ತಟ್ಟನೆ ನೀರಿನ ಲೋಟ ಬಾಯಿಗಿಟ್ಟುಕೊಂಡ.

"ನಿನ್ನ ನೀರಿನ ಪೈಪಲ್ಲಿ ಕತೇನೂ ಬರುತ್ತೇನೋ?" ಎಂದೆ ನಾನು.

"ಆ ಇಲಾಖೆಗೆ ವರ್ಗ ಮಾಡಿಬಿಟ್ರು ಕಣೆ. ಹೇಳೋಕೆ ಮುಖ ಇರ್ಲಿಲ್ಲ."

ಅಪ್ಪ ಬಿದ್ದು ಬಿದ್ದು ನಕ್ಕ. "ಗೋಡೆಗೂ ಕಿವಿ ಇರುತ್ತೆ ಅಂತ ಕೇಳಿದ್ದೆ. ಆ ಕಿವಿಗೆ ನಾನೇ ಹೆಣ್ಣು ಕೊಟ್ಟಿದ್ದೀನಿ ಅಂತ ಗೊತ್ತಿರ್ಲಿಲ್ಲ!"

ನಗು ಇಳಿದ ಮೇಲೆ ಹೇಳಿದ: "ಬರ್ಕೊಂಡ. ಮುದುಕೀನ ಎಳ್ಕೊಂಡು ಹೋದ್ರು. ಆಮೇಲೆ ಅವನಿಗೆ ಅನ್ನ ಸೇರಲೇ ಇಲ್ಲ."

ಗಂಡ ಮತ್ತೆ ಬಡಿಸಿಕೊಳ್ಳಲಿಲ್ಲ.

ಆ ವಾರವೇ ಇಲಾಖೆಯ ಮೇಲಧಿಕಾರಿ ಓದುವ ಕೋಣೆಗೆ ಬಂದರು. ಹಿಂದೆಯೇ ನನ್ನ ಗಂಡ.

"ನಿಷೇಧ ಆದ ಅಧ್ಯಾಯಾನ ಬಾಯಲ್ಲಿ ಹೇಳಿದ್ರೂ ಜೈಲೇ," ಎಂದರು ಅಧಿಕಾರಿ. "ಹೇಳಿದ್ಯಾರು?"

"ನಾನು," ಎಂದರು ನರ್ಸಮ್ಮ, ಸೂಜಿ ನಿಲ್ಲಿಸದೆ.

"ಇವರ ಮಾತು ನಂಬಬೇಡಿ ಸಾರ್, ಇವರಿಗೆ ಕತೇನೇ ಸರಿಯಾಗಿ ಬರಲ್ಲ. ನಾನು ಹೇಳಿದ್ದು," ಎಂದ ಅಪ್ಪ.

"ಬರಲ್ವಾ? ಈಗಲೇ ಹೇಳ್ಲಾ? ಕೂತ್ಕೊಳ್ಳಿ ಸಾರ್, ನೀವೇ ತೀರ್ಪು ಕೊಡಿ!"

ಅಧಿಕಾರಿ ಹಣೆ ಒರೆಸಿಕೊಂಡು ನನ್ನ ಗಂಡನತ್ತ ತಿರುಗಿದರು. "ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೋನು ನೀನು, ವರದೀಲಿ ಹೆಸರು ಮಾತ್ರ ಬರೆದಿಲ್ಲ. ಯಾರ ದನಿ ಅಂತ ಬೆರಳು ಮಾಡಿ ತೋರ್ಸು. ಇಲ್ಲಾಂದ್ರೆ ನಾಳೆಯಿಂದ ನಿನಗೆ ಕೆಲ್ಸ ಇಲ್ಲ."

ಅಪ್ಪ ಸೂಜಿಗೆ ನೂಲು ಪೋಣಿಸುತ್ತಿದ್ದ. ನೂಲು ಒಳಗೆ ಹೋಗುತ್ತಿರಲಿಲ್ಲ. ಗಂಡ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

"ದನಿ ಗೊತ್ತು ಸಾರ್," ಎಂದ. "ಚೆನ್ನಾಗೇ ಗೊತ್ತು. ಹೇಳಲ್ಲ."